ಮುಧೋಳದ ಮರಿ ಮನೆಗೆ ಬರುವ ಮುನ್ನ

ಪ್ರಶ್ನೆ: ನಾವು ವಿಜಯಪುರದಲ್ಲಿ ಸ್ವಂತ ಮನೆಯಲ್ಲಿದ್ದೇವೆ. ಮುಧೋಳ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ಯಜಮಾನರ ಸ್ನೇಹಿತರು, ತಮ್ಮ ಬೇಟೆ ನಾಯಿ ಹಾಕಿದ ಮರಿಗಳಲ್ಲಿ ಒಂದು ಗಂಡು ಮರಿಯನ್ನು ನಮಗೆ ಕೊಡುವುದಾಗಿ ಹೇಳಿದ್ದಾರೆ. ಮರಿಗೆ ಈಗ 35 ದಿನ. ಸಣ್ಣದಿದ್ದಾಗಲೇ ಒಯ್ದರೆ ಬೇಗ ಹೊಂದಿಕೊಳ್ಳುತ್ತದೆ, ಮುಂದಿನ ವಾರವೇ ಬನ್ನಿ ಎನ್ನುತ್ತಿದ್ದಾರೆ. ಮನೆಯಲ್ಲಿ 6 ಮತ್ತು 10 ವರ್ಷದ ಇಬ್ಬರು ಮಕ್ಕಳು ಮತ್ತು ಅತ್ತೆ ಇದ್ದಾರೆ. ನಾವಿಬ್ಬರೂ ನೌಕರಿಗೆ ಹೋಗುತ್ತೇವೆ. ಅತ್ತೆಯವರಿಗೆ ನಾಯಿ ಬೇಡವೆಂದೇನಿಲ್ಲ, ಆದರೆ ಅದು ಅಡುಗೆಮನೆಗೂ ದೇವರ ಜಗುಲಿಯ ಹತ್ತಿರಕ್ಕೂ ಬರಬಾರದು ಎನ್ನುತ್ತಾರೆ. ಪಕ್ಕದ ಮನೆಯ ಮರಿಯೊಂದು ನಾಲ್ಕು ತಿಂಗಳ ಹಿಂದೆ ರಕ್ತಭೇದಿಯಾಗಿ ಸತ್ತಿತು. ಅದು ನಮ್ಮ ಅಂಗಳದಲ್ಲೂ ಆಡುತ್ತಿತ್ತು. ತಿಕೋಟಾ ಹತ್ತಿರ ನಮ್ಮ ದ್ರಾಕ್ಷಿ ತೋಟವಿದೆ. ಬೇಸಿಗೆಯೂ ಬಂದಿದೆ. ಮನೆಯನ್ನು ಹೇಗೆ ಸಿದ್ಧಪಡಿಸಿಕೊಳ್ಳಬೇಕು, ಏನೇನು ತರಬೇಕು?

ಉತ್ತರ: ಏನು ತರಬೇಕು ಎಂಬುದಕ್ಕಿಂತ ಯಾವಾಗ ತರಬೇಕು ಎಂಬುದನ್ನು ಮೊದಲು ನಿರ್ಧರಿಸಿ. ಮುಂದಿನ ವಾರ ಮರಿಯನ್ನು ತರಬೇಡಿ. ಇನ್ನು ಮೂರು ವಾರ ತಡೆಯಿರಿ. ನಾಯಿಗಳ ಸಾಕಣೆ ಮತ್ತು ಮಾರಾಟಕ್ಕೆ ಸಂಬಂಧಿಸಿದಂತೆ ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ಹೇಳುತ್ತವೆ. ನಿಮ್ಮದು ಮಾರಾಟವಲ್ಲ, ಸ್ನೇಹದಲ್ಲಿ ಕೊಡುವುದು ಎಂದು ನೀವು ಹೇಳಬಹುದು. ಆದರೆ ಆ ನಿಯಮದ ಹಿಂದಿರುವ ಕಾರಣ ಎರಡಕ್ಕೂ ಒಂದೇ. ಐದರಿಂದ ಎಂಟನೆಯ ವಾರದ ನಡುವೆ ಮರಿ ತನ್ನ ತಾಯಿಯಿಂದ ಮತ್ತು ಒಡಹುಟ್ಟಿದ ಮರಿಗಳಿಂದ ನಾವು ಕಲಿಸಲಾಗದ ಪಾಠವೊಂದನ್ನು ಕಲಿಯುತ್ತದೆ: ಎಷ್ಟು ಗಟ್ಟಿಯಾಗಿ ಕಚ್ಚಿದರೆ ಆಟ, ಎಷ್ಟು ಗಟ್ಟಿಯಾದರೆ ನೋವು ಎಂಬುದು. ಜೋರಾಗಿ ಕಚ್ಚಿದಾಗ ಜೊತೆಯ ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ, ತಾಯಿ ಗುರ್ರೆಂದು ತಡೆಯುತ್ತದೆ. ಈ ಪಾಠ ತಪ್ಪಿದ ಮರಿ ನಿಮ್ಮ ಮನೆಗೆ ಬಂದು ಆರು ವರ್ಷದ ಮಗುವಿನ ಕೈ ಮೇಲೆ ಅದನ್ನು ಕಲಿಯಲು ತೊಡಗುತ್ತದೆ. ಸಣ್ಣದಿದ್ದಷ್ಟೂ ಬೇಗ ಹೊಂದುತ್ತದೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಹಳ ಕಾಲದಿಂದ ನಡೆದು ಬಂದಿದೆ, ಆದರೆ ಅದು ಸರಿಯಲ್ಲ. ಮರಿ ಹೊಸ ಮನೆಗೆ, ಹೊಸ ಜನರಿಗೆ ಒಗ್ಗಿಕೊಳ್ಳುವ ಕಾಲ ಸುಮಾರು ಮೂರನೆಯ ವಾರದಿಂದ ಹನ್ನೆರಡು ಹದಿನಾಲ್ಕನೆಯ ವಾರದವರೆಗೂ ತೆರೆದಿರುತ್ತದೆ; ಎಂಟು ವಾರಕ್ಕೆ ತಂದರೆ ನೀವು ಏನನ್ನೂ ಕಳೆದುಕೊಳ್ಳುವುದಿಲ್ಲ.

ಈ ಮೂರು ವಾರಗಳಲ್ಲಿ ಮರಿಯನ್ನು ಸಾಕುತ್ತಿರುವವರು ಮಾಡಬೇಕಾದ ಕೆಲಸವೂ ಇದೆ, ಅದನ್ನು ಅವರಿಗೆ ಸೌಜನ್ಯದಿಂದಲೇ ಆದರೆ ಸ್ಪಷ್ಟವಾಗಿ ಹೇಳಿ. ನಾಯಿಮರಿಗಳಿಗೆ ದುಂಡು ಹುಳುಗಳು ತಾಯಿಯ ಗರ್ಭದಲ್ಲಿರುವಾಗಲೇ ಬರುತ್ತವೆ, ಮೊಲೆಹಾಲಿನ ಮೂಲಕವೂ ಬರುತ್ತವೆ. ಆದ್ದರಿಂದ ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ಪ್ರತಿ ಎರಡು ವಾರಕ್ಕೊಮ್ಮೆ ಜಂತುಹುಳುವಿನ ಔಷಧಿಯನ್ನು ತೂಕಕ್ಕೆ ತಕ್ಕಂತೆ ಕೊಡಬೇಕು, ತಾಯಿಗೂ ಕೊಡಬೇಕು. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ ಬೀಳಬೇಕು. ಇವೆರಡರ ದಿನಾಂಕವನ್ನು ಚೀಟಿಯಲ್ಲಿ ಬರೆಸಿ ಇಸಿದುಕೊಳ್ಳಿ. ಲಸಿಕೆಯ ಸೀಸೆಗೆ ಅಂಟಿಸಿದ್ದ ಲೇಬಲ್ ಇದ್ದರೆ ಇನ್ನೂ ಒಳ್ಳೆಯದು. ಮರಿಯನ್ನು ನೋಡಲು ಒಮ್ಮೆ ಹೋಗಿ ಬನ್ನಿ. ತಾಯಿ ನಾಯಿ ಅಪರಿಚಿತರನ್ನು ಕಂಡಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡುವುದು ಮರಿಯ ಬಣ್ಣವನ್ನು ನೋಡುವುದಕ್ಕಿಂತ ಮುಖ್ಯ. ತಳಿಯ ಬಗ್ಗೆ ಸಂಶಯವಿದ್ದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ, ಅಲ್ಲಿ ವಿಚಾರಿಸಬಹುದು.

ಇನ್ನು ನಿಮ್ಮ ಮನೆಯ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಪಕ್ಕದ ಮನೆಯ ಮರಿಯ ಸಾವು. ಮರಿಯೊಂದು ವಾಂತಿ ಮಾಡಿ, ದುರ್ವಾಸನೆಯ ರಕ್ತಭೇದಿಯಾಗಿ ಎರಡು ಮೂರು ದಿನಗಳಲ್ಲಿ ಸತ್ತಿದ್ದರೆ ಅದು ಬಹುಮಟ್ಟಿಗೆ ಪಾರ್ವೋ ವೈರಸ್‌ನ ಕಾಯಿಲೆ. ಇದು ಆರು ವಾರದಿಂದ ಆರು ತಿಂಗಳೊಳಗಿನ ಮರಿಗಳನ್ನು ಹೆಚ್ಚಾಗಿ ಹಿಡಿಯುತ್ತದೆ. ರೋಗಿ ನಾಯಿಯ ಮಲದಲ್ಲಿ ಲೆಕ್ಕವಿಲ್ಲದಷ್ಟು ವೈರಸ್ ಹೊರಬೀಳುತ್ತದೆ. ಅದು ನೆಲದಲ್ಲಿ, ಅದರಲ್ಲೂ ನೆರಳು ಮತ್ತು ತೇವ ಇರುವ ಕಡೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಜೀವಂತವಾಗಿರುತ್ತದೆ. ನಾಲ್ಕು ತಿಂಗಳಾಯಿತು, ಅಂಗಳ ತೊಳೆದಿದ್ದೇವೆ ಎಂದು ನೀವು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ನಾವು ದಿನವೂ ನೆಲಕ್ಕೆ ಹಾಕುವ ಫಿನಾಯಿಲ್ ಈ ವೈರಸ್ಸನ್ನು ಕೊಲ್ಲುವುದಿಲ್ಲ. ಕುದಿಯುವ ನೀರು ಸುರಿದರೆ ಸಾಕೆಂದು ಕೆಲವರು ಹೇಳುತ್ತಾರೆ, ಆದರೆ ಅಂಗಳದಷ್ಟು ಜಾಗಕ್ಕೆ ಅದು ಆಗುವ ಮಾತಲ್ಲ.

ಇದಕ್ಕೆ ಕೆಲಸ ಮಾಡುವುದು ಬಟ್ಟೆ ಬಿಳುಪಾಗಿಸಲು ಬಳಸುವ ದ್ರವರೂಪದ ಬ್ಲೀಚ್. ಅದನ್ನು ಬಳಸುವ ಕ್ರಮ ಹೀಗಿದೆ. ಫರಸಿ ಅಥವಾ ಸಿಮೆಂಟಿನ ನೆಲವನ್ನು ಮೊದಲು ಸಾಬೂನಿನ ಪುಡಿ ಹಾಕಿ ಕಸಬರಿಗೆಯಿಂದ ತಿಕ್ಕಿ ತೊಳೆಯಬೇಕು, ಏಕೆಂದರೆ ಮಣ್ಣು ಮತ್ತು ಹೊಲಸು ಇರುವ ಕಡೆ ಬ್ಲೀಚಿನ ಶಕ್ತಿ ಅಲ್ಲಿಯೇ ಮುಗಿದುಹೋಗುತ್ತದೆ. ನೆಲ ತೊಳೆದ ಮೇಲೆ 3 ಲೀಟರ್ ನೀರಿಗೆ 100 ಮಿಲಿಲೀಟರ್, ಅಂದರೆ ಒಂದು ಸಣ್ಣ ಚಹಾ ಕಪ್ಪಿನಷ್ಟು ಬ್ಲೀಚ್ ಬೆರೆಸಿ, ನೆಲ ಪೂರ್ತಿ ಒದ್ದೆಯಾಗುವಂತೆ ಸುರಿದು, ಕನಿಷ್ಠ ಹತ್ತು ನಿಮಿಷ ಒಣಗದಂತೆ ನೋಡಿಕೊಳ್ಳಬೇಕು. ನಮ್ಮ ಬೇಸಿಗೆಯಲ್ಲಿ ಈ ಹತ್ತು ನಿಮಿಷವೇ ಕಷ್ಟ, ಮಧ್ಯಾಹ್ನ ಸುರಿದ ನೀರು ಐದು ನಿಮಿಷಕ್ಕೆ ಆರಿಹೋಗುತ್ತದೆ. ಆದ್ದರಿಂದ ಸಂಜೆ ಹೊತ್ತು ಇಳಿದ ಮೇಲೆ ಮಾಡಿ. ಬಳಿಕ ಚೆನ್ನಾಗಿ ನೀರು ಹಾಕಿ ತೊಳೆದುಬಿಡಿ, ಮರುದಿನದ ಬಿಸಿಲಿಗೆ ಒಣಗಲಿ. ಬ್ಲೀಚಿನ ಜೊತೆಗೆ ಫಿನಾಯಿಲ್, ಆಸಿಡ್ ಅಥವಾ ಬೇರೆ ಯಾವುದನ್ನೂ ಬೆರೆಸಬೇಡಿ, ಬೆರೆಸಿದರೆ ಉಸಿರಿಗೆ ಅಪಾಯವಾಗುವ ಅನಿಲ ಹೊರಡುತ್ತದೆ. ಗೇಟಿನ ಕೆಳಭಾಗ, ಮೆಟ್ಟಿಲು, ನೀರಿನ ದೋಣಿ, ಆ ಮರಿ ಆಡುತ್ತಿದ್ದ ಚೆಂಡು ಇವುಗಳನ್ನೂ ಹೀಗೆಯೇ ತೊಳೆಯಿರಿ. ಪಕ್ಕದ ಮನೆಯವರು ಪ್ರೀತಿಯಿಂದ ಹಳೆಯ ಹಾಸಿಗೆ, ಬಟ್ಟಲು ಕೊಡಲು ಬಂದರೆ ದಯವಿಟ್ಟು ತೆಗೆದುಕೊಳ್ಳಬೇಡಿ.

ಅಂಗಳದಲ್ಲಿ ಮಣ್ಣಿನ ಭಾಗವಿದ್ದರೆ ಅದನ್ನು ಬ್ಲೀಚಿನಿಂದ ಶುದ್ಧ ಮಾಡಲಾಗದು. ಅದಕ್ಕೆ ಒಂದೇ ದಾರಿ, ಲಸಿಕೆಗಳು ಮುಗಿಯುವವರೆಗೆ ಮರಿಯನ್ನು ಆ ಮಣ್ಣಿಗೆ ಇಳಿಸದಿರುವುದು. ಲಸಿಕೆ ಮುಗಿಯುವುದೆಂದರೆ ಏನು ಎಂಬುದನ್ನು ಇಲ್ಲಿಯೇ ಬಿಡಿಸಿ ಹೇಳುತ್ತೇನೆ, ಏಕೆಂದರೆ ಒಂದು ಸೂಜಿ ಹಾಕಿಸಿದ ಮಾತ್ರಕ್ಕೆ ಮರಿಗೆ ರಕ್ಷಣೆ ಸಿಕ್ಕಿತೆಂದು ನಂಬಿ ಮರಿಯನ್ನು ಕಳೆದುಕೊಂಡ ಮನೆಗಳು ಬಹಳ. ತಾಯಿಯ ಮೊದಲ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಮರಿಯನ್ನು ಕೆಲವು ವಾರ ಕಾಯುತ್ತದೆ. ಆದರೆ ಅದೇ ಶಕ್ತಿ ಲಸಿಕೆಯನ್ನೂ ಕೆಲಸ ಮಾಡಗೊಡುವುದಿಲ್ಲ. ಅದು ದಿನದಿಂದ ದಿನಕ್ಕೆ ಕುಗ್ಗುತ್ತಾ ಬಂದು, ರೋಗವನ್ನು ತಡೆಯಲು ಸಾಲದಷ್ಟು, ಆದರೆ ಲಸಿಕೆಯನ್ನು ಕೆಡಿಸಲು ಸಾಕಾಗುವಷ್ಟು ಉಳಿಯುವ ಕಾಲವೊಂದು ಬರುತ್ತದೆ. ಆ ಕಾಲ ಯಾವ ಮರಿಗೆ ಯಾವ ವಾರ ಮುಗಿಯುತ್ತದೆಂದು ಹೊರಗಿನಿಂದ ಹೇಳಲಾಗದು. ಆದ್ದರಿಂದಲೇ ಆರರಿಂದ ಎಂಟನೆಯ ವಾರಕ್ಕೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಲಸಿಕೆ ಕೊಡುತ್ತಾ, ಕೊನೆಯದು ಹದಿನಾರನೆಯ ವಾರಕ್ಕೆ ಅಥವಾ ಅದರ ನಂತರ ಬೀಳುವಂತೆ ನೋಡಿಕೊಳ್ಳಬೇಕು. ರೇಬೀಸ್ ಲಸಿಕೆ ಮೂರು ತಿಂಗಳು ತುಂಬಿದಾಗ ಪ್ರತ್ಯೇಕವಾಗಿ ಬೇಕು. ಈ ಲಸಿಕೆಗಳೆಲ್ಲ ಮುಗಿಯುವವರೆಗೆ ಬೀದಿನಾಯಿಗಳು ಓಡಾಡುವ ರಸ್ತೆ, ಉದ್ಯಾನ, ಬಸ್‌ನಿಲ್ದಾಣ, ಯಾವುದರ ನೆಲವನ್ನೂ ಮರಿಯ ಪಾದ ಮುಟ್ಟಬಾರದು. ನೀವೂ ಹೊರಗಿನ ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ಒಳಗೆ ಬನ್ನಿ, ವೈರಸ್ ಚಪ್ಪಲಿಯ ಅಟ್ಟೆಗೆ ಹತ್ತಿಕೊಂಡೂ ಬರುತ್ತದೆ.

ಹಾಗೆಂದು ಮರಿಯನ್ನು ಎರಡು ತಿಂಗಳು ಕೋಣೆಯಲ್ಲಿ ಮುಚ್ಚಿಡುವುದೂ ತಪ್ಪು. ಒಗ್ಗಿಕೊಳ್ಳುವ ಕಾಲ ಇದೇ ಅಲ್ಲವೇ? ದಿನಕ್ಕೊಮ್ಮೆ ತೋಳಿನಲ್ಲಿ ಎತ್ತಿಕೊಂಡು ಗೇಟಿನ ಹೊರಗೆ ನಿಂತು ಟ್ರ್ಯಾಕ್ಟರ್, ಆಟೊ, ಆಡಿನ ಹಿಂಡು, ಪೇಟ ಸುತ್ತಿದ ಹಿರಿಯರು, ಶಾಲೆಯ ಮಕ್ಕಳು ಎಲ್ಲವನ್ನೂ ತೋರಿಸಿ. ಕಂಡದ್ದಕ್ಕೆ ಹೆದರದೆ ನೋಡುತ್ತಾ ನಿಂತರೆ ಒಂದು ತುತ್ತು ತಿನಿಸು ಕೊಡಿ. ಮುಧೋಳ ತಳಿಯ ನಾಯಿಗಳು ಸ್ವಭಾವತಃ ಅಪರಿಚಿತರಿಂದ ದೂರ ನಿಲ್ಲುವಂಥವು, ಒಂದಿಷ್ಟು ಅಂಜುಬುರುಕವೂ ಆಗಬಲ್ಲವು. ಈ ವಯಸ್ಸಿನಲ್ಲಿ ಲೋಕವನ್ನು ಕಾಣದೆ ಬೆಳೆದರೆ ಆ ಅಂಜಿಕೆ ಜೀವನವಿಡೀ ಉಳಿಯುತ್ತದೆ.

ಮನೆಯೊಳಗೆ ಮರಿಗಾಗಿ ಒಂದೇ ಒಂದು ಜಾಗ ಗೊತ್ತುಮಾಡಿ. ಇಡೀ ಮನೆಯನ್ನು ಮೊದಲ ದಿನವೇ ಅದಕ್ಕೆ ಬಿಟ್ಟುಕೊಡುವುದರಿಂದಲೇ ಅರ್ಧ ತೊಂದರೆಗಳು ಹುಟ್ಟುತ್ತವೆ. ಪಡಸಾಲೆಯ ಒಂದು ಮೂಲೆ, ಗಾಳಿ ಬರುವ, ಜನರ ಓಡಾಟ ಕಾಣುವ, ಆದರೆ ಯಾರ ಕಾಲಿಗೂ ಸಿಗದ ಕಡೆ, ಎರಡೂವರೆ ಅಡಿ ಎತ್ತರದ ತಡೆಯಿಂದ ಸುತ್ತುಗಟ್ಟಿ. ಅದರೊಳಗೆ ಹಾಸಿಗೆ, ನೀರು, ಕಚ್ಚಲು ಎರಡು ಆಟಿಕೆ ಇದ್ದರೆ ಸಾಕು. ಹಾಸಿಗೆಗೆ ಮನೆಯ ಹಳೆಯ ಕೌದಿಗಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ಹಲವು ಪದರಗಳಿರುವುದರಿಂದ ಮೆತ್ತಗಿರುತ್ತದೆ, ಒಗೆದು ಒಣಗಿಸಲು ಬರುತ್ತದೆ. ಮುಧೋಳ ನಾಯಿಗೆ ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ, ಬರಿ ನೆಲದ ಮೇಲೆ ಮಲಗಿ ಮಲಗಿ ಮೊಣಕೈ ಗಂಟುಗಳು ಒರಟಾಗಿ ಹುಣ್ಣಾಗುತ್ತವೆ. ಆದರೆ ಕೌದಿಯ ಹೊಲಿಗೆ ಬಿಚ್ಚಿ ದಾರ ಜೋತಾಡುತ್ತಿದ್ದರೆ ಅದನ್ನು ಕತ್ತರಿಸಿ ತೆಗೆಯಿರಿ, ನುಂಗಿದ ದಾರ ಕರುಳನ್ನು ಮುದುಡಿಸಿ ಹರಿಯಬಲ್ಲದು. ಮರಿಯನ್ನು ನೋಡಲು ಹೋದಾಗ ಒಂದು ಅರಿವೆಯ ತುಂಡನ್ನು ತಾಯಿ ಮಲಗುವ ಜಾಗದಲ್ಲಿ ಇಟ್ಟು ಬನ್ನಿ. ಕರೆತರುವ ದಿನ ಅದನ್ನೂ ತಂದು ಕೌದಿಯ ಮೇಲೆ ಹಾಸಿದರೆ ಮೊದಲ ರಾತ್ರಿಗಳಲ್ಲಿ ಮರಿಗೆ ಪರಿಚಯದ ವಾಸನೆಯೊಂದು ಇರುತ್ತದೆ.

ನಿಮ್ಮ ಅತ್ತೆಯವರ ಮಾತಿಗೆ ನನ್ನ ಪೂರ್ಣ ಸಹಮತವಿದೆ, ಅದಕ್ಕೆ ಸಂಪ್ರದಾಯದ ಕಾರಣವಲ್ಲದೆ ಬೇರೆ ಕಾರಣವೂ ಇದೆ. ಬಿಸಿ ಎಣ್ಣೆ, ಕುಕ್ಕರ್, ಕತ್ತಿ, ಉಳ್ಳಾಗಡ್ಡಿಯ ಬುಟ್ಟಿ ಇರುವ ಅಡುಗೆಮನೆ ಮರಿಗೆ ತಕ್ಕ ಜಾಗವಲ್ಲ. ದೀಪ ಉರಿಯುವ, ಊದುಬತ್ತಿ ಕರ್ಪೂರ ಕೈಗೆಟಕುವ ಜಗುಲಿಯೂ ಅಲ್ಲ. ಕರ್ಪೂರ ನಾಯಿಗೆ ವಿಷ. ಎರಡೂ ಬಾಗಿಲಿಗೆ ಮರದ ಅಡ್ಡಪಟ್ಟಿಯೊಂದನ್ನು ಮೊದಲ ದಿನದಿಂದಲೇ ಹಾಕಿ. ಮರಿ ಸಣ್ಣದಿದ್ದಾಗ ಒಂದೆರಡು ದಿನ ಬಿಟ್ಟುಕೊಂಡು, ಆಮೇಲೆ ಬೇಡವೆಂದರೆ ಅದಕ್ಕೆ ಅರ್ಥವಾಗುವುದಿಲ್ಲ. ಮನೆಯವರೆಲ್ಲರೂ ಒಂದೇ ನಿಯಮ, ಒಂದೇ ಮಾತು ಬಳಸುವುದು ಬಹಳ ಅಗತ್ಯ. ಒಬ್ಬರು ‘ಬ್ಯಾಡ’ ಎಂದದ್ದನ್ನು ಇನ್ನೊಬ್ಬರು ಮುದ್ದು ಮಾಡಿ ಕೊಟ್ಟರೆ ಮರಿ ಬ್ಯಾಡ ಎಂಬುದನ್ನು ಎಂದಿಗೂ ಕಲಿಯುವುದಿಲ್ಲ.

ಮರಿ ಬರುವ ಹಿಂದಿನ ದಿನ ಮಕ್ಕಳಿಬ್ಬರನ್ನೂ ಕರೆದುಕೊಂಡು ನೀವೇ ನೆಲದ ಮೇಲೆ ಅಂಬೆಗಾಲಿಟ್ಟು ಮನೆಯೆಲ್ಲ ಸುತ್ತಿ ನೋಡಿ. ನಿಂತಾಗ ಕಾಣದ ಎಷ್ಟೋ ವಸ್ತುಗಳು ಆ ಎತ್ತರದಿಂದ ಕಾಣುತ್ತವೆ: ಕೂಲರಿನ ಜೋತಾಡುವ ವೈರು, ಮಂಚದ ಕೆಳಗೆ ಇಲಿಗೆಂದು ಇಟ್ಟು ಮರೆತ ಪಾಷಾಣದ ಬಿಲ್ಲೆ, ಟ್ರಂಕಿನ ಸಂದಿಯಿಂದ ಉರುಳಿ ಬಿದ್ದ ಡಾಂಬರು ಗುಳಿಗೆ, ಮಕ್ಕಳ ಗೋಲಿ, ಸೂಜಿ, ಗುಂಡಿ ಬ್ಯಾಟರಿ, ಮಾತ್ರೆಯ ಪಟ್ಟಿ. ಇಲಿ ಪಾಷಾಣವನ್ನು ಎತ್ತರದಲ್ಲಿಡುವುದಲ್ಲ, ಮನೆಯಿಂದಲೇ ಹೊರಗೆ ಹಾಕಿ. ಅಂಗಳದಲ್ಲಿ ಪೂಜೆಯ ಹೂವಿಗೆಂದು ಕಣಗಿಲ ಬೆಳೆಸಿದ್ದರೆ ಅದರ ಎಲೆ, ಹೂ, ಕಡ್ಡಿ ಎಲ್ಲವೂ ಹೃದಯವನ್ನು ನಿಲ್ಲಿಸಬಲ್ಲ ವಿಷ. ಔಡಲದ ಬೀಜವೂ ದತ್ತೂರಿಯೂ ಹಾಗೆಯೇ. ಗಿಡ ತೆಗೆಯಲು ಮನಸ್ಸಿಲ್ಲದಿದ್ದರೆ ಸುತ್ತ ಜಾಳಿಗೆ ಕಟ್ಟಿ, ಬಿದ್ದ ಎಲೆಯನ್ನು ದಿನವೂ ಗುಡಿಸಿ. ನೆಲದಡಿಯ ನೀರಿನ ಟಾಕಿಯ ಮುಚ್ಚಳ ಭದ್ರವಾಗಿದೆಯೇ ನೋಡಿ. ಗೇಟಿನ ಸರಳುಗಳ ನಡುವೆ, ಗೇಟಿನ ಕೆಳಗೆ ನಿಮ್ಮ ಮುಷ್ಟಿ ತೂರುವಷ್ಟು ಸಂದಿಯಿದ್ದರೆ ಮರಿಯ ತಲೆಯೂ ತೂರುತ್ತದೆ. ಈ ತಳಿಯ ತಲೆ ಕಿರಿದು, ಉದ್ದ. ತಲೆ ಹೋದ ಕಡೆ ಮೈ ಸಿಕ್ಕಿಹಾಕಿಕೊಳ್ಳುತ್ತದೆ. ಕೊರಳಪಟ್ಟಿಯ ವಿಷಯದಲ್ಲೂ ಇದೇ ಕಾರಣಕ್ಕೆ ಎಚ್ಚರ ಬೇಕು. ಸಾಮಾನ್ಯ ಪಟ್ಟಿ ಹಿಂದಕ್ಕೆ ಜಗ್ಗಿದರೆ ತಲೆಯ ಮೇಲಿಂದ ಜಾರಿ ಬರುತ್ತದೆ. ಮೈಗೆ ಹಾಕುವ ಅಗಲ ಪಟ್ಟಿಯನ್ನು ತನ್ನಿ, ಬೆಳೆದಂತೆ ಬದಲಿಸಿ.

ನುಣುಪಾದ ಟೈಲ್ಸ್ ಹಾಕಿದ ಮನೆಯಾದರೆ ಮರಿ ಓಡಾಡುವ ಭಾಗಕ್ಕೆ ಚಾಪೆ, ಜಮಖಾನೆ ಅಥವಾ ಗೋಣಿತಟ್ಟು ಹಾಸಿ. ಟೈಲ್ಸ್ ಮೇಲೆ ಎದ್ದು ನಿಲ್ಲಲು ಹೋದ ಮರಿಯ ಹಿಂಗಾಲುಗಳು ಎರಡು ಕಡೆಗೆ ಜಾರುವುದನ್ನು ನೋಡಿದರೆ ನಿಮಗೇ ತಿಳಿಯುತ್ತದೆ. ಬೆಳೆಯುವ ಕೀಲುಗಳಿಗೆ ಅದು ಒಳ್ಳೆಯದಲ್ಲ. ಮಾಳಿಗೆಯ ಬಾಗಿಲು ಸದಾ ಮುಚ್ಚಿರಲಿ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ, ಪಾರಿವಾಳ ಹಾರಿದರೆ ಮುಂದೆ ಏನಿದೆ ಎಂದು ನೋಡದೆ ಜಿಗಿಯುತ್ತದೆ.

ಬೇಸಿಗೆಯ ವಿಷಯಕ್ಕೆ ಬರುತ್ತೇನೆ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಈ ತಳಿ ಇದೇ ಬಯಲುಸೀಮೆಯಲ್ಲಿ ಬೆಳೆದು ಬಂದದ್ದು, ಬಿಸಿಲು ತಡೆಯುತ್ತದೆ ಎಂಬುದು ಬೆಳೆದ ನಾಯಿಯ ಮಟ್ಟಿಗೆ ಬಹುತೇಕ ನಿಜ, ಮರಿಗೆ ಅಲ್ಲ. ತಗಡಿನ ಕೆಳಗೆ, ಮಾಳಿಗೆಯ ಮೇಲೆ, ನಿಲ್ಲಿಸಿದ ಕಾರಿನಲ್ಲಿ ಮರಿಯನ್ನು ಅರೆಗಳಿಗೆಯೂ ಬಿಡಬಾರದು. ಹಗಲು ಹನ್ನೊಂದರಿಂದ ಸಂಜೆ ಐದರವರೆಗೆ ಆಟಕ್ಕೆಂದು ಅಂಗಳಕ್ಕೆ ಇಳಿಸಬೇಡಿ. ಇಳಿಸುವ ಮುನ್ನ ಅಂಗೈಯನ್ನು ನೆಲದ ಮೇಲೆ ಏಳು ಎಣಿಸುವವರೆಗೆ ಇಟ್ಟು ನೋಡಿ, ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು. ನೀರನ್ನು ಮಣ್ಣಿನ ಅಗಲ ಬಟ್ಟಲಿನಲ್ಲಿ ಎರಡು ಕಡೆ ಇಟ್ಟು ದಿನಕ್ಕೆ ಮೂರು ಬಾರಿ ಬದಲಿಸಿ. ನಾಯಿಯ ಸಹಜ ದೇಹೋಷ್ಣ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಮುಟ್ಟಿದಾಗ ಬಿಸಿ ಎನಿಸುವುದು ಜ್ವರವಲ್ಲ. ಆದರೆ ಮರಿ ಬಾಯಿ ತೆರೆದು ಬಿಡದೆ ಏದುಸಿರು ಬಿಡುತ್ತಾ, ಜೊಲ್ಲು ಸುರಿಸುತ್ತಾ, ಒಸಡು ಕಡುಗೆಂಪಾಗಿ, ನಡೆಯುವಾಗ ತೂರಾಡಿದರೆ ಅದು ಬಿಸಿಲಾಘಾತ. ಕೂಡಲೇ ನೆರಳಿಗೆ ತಂದು ಹೊಟ್ಟೆಗೂ ತೊಡೆಗಳಿಗೂ ಸಾಧಾರಣ ತಣ್ಣೀರು ಸುರಿದು ಫ್ಯಾನ್ ಹಾಕಿ ಆಸ್ಪತ್ರೆಗೆ ಹೊರಡಿ. ಮಂಜುಗಡ್ಡೆ ಇಡಬೇಡಿ.

ಊಟದ ಬಗ್ಗೆ ಹೇಳಬೇಕಾದದ್ದು ಹೆಚ್ಚು. ಮೊದಲ ಒಂದು ವಾರ ಮರಿಗೆ ಅಲ್ಲಿ ಏನು ಕೊಡುತ್ತಿದ್ದರೋ ಅದನ್ನೇ ಕೊಡಿ. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಹಾಲಿನಲ್ಲಿ ಮುರಿದ ಜೋಳದ ರೊಟ್ಟಿ, ಜೋಳದ ಇಲ್ಲವೆ ಗೋವಿನಜೋಳದ ನುಚ್ಚು ಕೊಡುತ್ತಾರೆ. ಅದು ಬೆಳೆಯುವ ಮರಿಗೆ ಸಾಲದ ಆಹಾರ, ಆದರೂ ಮನೆ, ನೀರು, ತಾಯಿ ಎಲ್ಲವೂ ಬದಲಾದ ದಿನವೇ ಆಹಾರವನ್ನೂ ಬದಲಿಸಿದರೆ ಭೇದಿಯಾಗುವುದು ಖಂಡಿತ, ಮತ್ತು ಆ ಭೇದಿ ಪಾರ್ವೋ ಇರಬಹುದೇ ಎಂಬ ಆತಂಕ ನಿಮಗೆ ಶುರುವಾಗುತ್ತದೆ. ಎರಡನೆಯ ವಾರದಿಂದ ಹೊಸ ಆಹಾರವನ್ನು ಕಾಲುಭಾಗ, ಅರ್ಧಭಾಗ ಎಂದು ಹೆಚ್ಚಿಸುತ್ತಾ ಏಳರಿಂದ ಹತ್ತು ದಿನಗಳಲ್ಲಿ ಪೂರ್ತಿ ಬದಲಿಸಿ. ಮರಿಗಳಿಗಾಗಿಯೇ ತಯಾರಾದ ಸಿದ್ಧ ಆಹಾರವನ್ನು ನೀರಿನಲ್ಲಿ ನೆನೆಸಿ ಕೊಡುವುದು ನೌಕರಿ ಮಾಡುವ ಮನೆಗೆ ಸುಲಭ. ಮನೆಯ ಅಡುಗೆಯನ್ನೇ ಕೊಡುವುದಾದರೆ ಅನ್ನ ಅಥವಾ ರೊಟ್ಟಿಯ ಜೊತೆಗೆ ಬೇಯಿಸಿದ ಮೊಟ್ಟೆ, ಎಲುಬು ತೆಗೆದ ಕೋಳಿಮಾಂಸ, ಬೇಯಿಸಿದ ಗಜ್ಜರಿ, ಗಡ್ಡೆ ಮೊಸರು ಸೇರಬೇಕು, ಸುಣ್ಣದಂಶದ ಪ್ರಮಾಣವನ್ನು ವೈದ್ಯರು ಹೇಳಬೇಕು. ಸಿದ್ಧ ಆಹಾರ ತಿನ್ನುವ ಮರಿಗೆ ಎಲುಬು ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಔಷಧಿಯನ್ನು ಮೇಲಿಂದ ಕುಡಿಸುವುದು ಅನಗತ್ಯ, ಹಾನಿಕರವೂ ಹೌದು. ಆಕಳ ಹಾಲು ಎಲ್ಲ ಮರಿಗಳಿಗೂ ಒಗ್ಗುವುದಿಲ್ಲ. ಹಾಲಿಗಿಂತ ಮೊಸರು, ಮಜ್ಜಿಗೆ ವಾಸಿ. ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಬಾರಿ, ಆರು ತಿಂಗಳವರೆಗೆ ಮೂರು ಬಾರಿ, ಆಮೇಲೆ ಎರಡು ಬಾರಿ ಊಟ ಸಾಕು. ಬೆಳೆದ ಮುಧೋಳ ನಾಯಿಗೆ ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು ಸಹಜ. ನಾಯಿ ಸೊರಗಿದೆ ಎಂದು ಬಂದವರೆಲ್ಲ ಹೇಳುತ್ತಾರೆ, ಆ ಮಾತು ಕೇಳಿ ತಿನ್ನಿಸಿ ದಪ್ಪ ಮಾಡಬೇಡಿ.

ನಿಮ್ಮ ಮನೆಗೆ ವಿಶೇಷವಾಗಿ ಅನ್ವಯಿಸುವ ಎಚ್ಚರಿಕೆ ಒಂದಿದೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಎಷ್ಟು ತಿಂದರೆ ಅಪಾಯ ಎಂಬುದಕ್ಕೆ ಖಚಿತ ಲೆಕ್ಕವಿಲ್ಲ. ಒಂದು ನಾಯಿ ಹಿಡಿಯಷ್ಟು ತಿಂದು ಉಳಿಯಬಹುದು, ಇನ್ನೊಂದು ನಾಲ್ಕಾರು ತಿಂದು ಮೂತ್ರ ನಿಂತು ಸಾಯಬಹುದು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು ಈಗ ತಿಳಿಯಲಾಗಿದೆ, ಹುಣಸೆಹಣ್ಣಿನಲ್ಲೂ ಅದೇ ಆಮ್ಲವಿದೆ. ತೋಟದಿಂದ ತಂದ ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ಪಡಸಾಲೆಯಲ್ಲಿ ಇಡುವ ರೂಢಿ ನಿಮ್ಮ ಭಾಗದ ಅನೇಕ ಮನೆಗಳಲ್ಲಿದೆ. ಅದನ್ನು ಈ ವರ್ಷದಿಂದ ಬದಲಿಸಬೇಕು. ಬಂದವರ ಕೈಗೆ ಕೊಡುವಾಗ ನಾಲ್ಕು ಕಾಳು ಉದುರಿದರೂ ಎತ್ತಬೇಕು. ಮರಿ ತಿಂದದ್ದು ಗೊತ್ತಾದರೆ ವಾಂತಿ ಭೇದಿ ಆಗಲೆಂದು ಕಾಯದೆ, ತಿಂದ ಎರಡು ತಾಸಿನೊಳಗೆ ವೈದ್ಯರ ಬಳಿ ಒಯ್ಯಿರಿ, ಆಗ ವಾಂತಿ ಮಾಡಿಸಿ ವಿಷವನ್ನು ಹೊರಹಾಕಲು ಸಾಧ್ಯವಾಗುತ್ತದೆ. ಉಪ್ಪುನೀರು ಕುಡಿಸಿ ಮನೆಯಲ್ಲೇ ವಾಂತಿ ಮಾಡಿಸಲು ಹೋಗಬೇಡಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಆದ್ದರಿಂದ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ, ಪಲ್ಯ ಕಲಸಿದ ಅನ್ನ ಇವನ್ನು ಉಳಿಯಿತೆಂದು ಮರಿಗೆ ಹಾಕುವಂತಿಲ್ಲ. ಚಾಕೊಲೇಟ್, ಚಹಾಪುಡಿ, ಸಕ್ಕರೆರಹಿತ ಚೂಯಿಂಗ್ ಗಮ್ ಕೂಡ ವಿಷವೇ. ತೋಟಕ್ಕೆ ಮರಿಯನ್ನು ಕರೆದೊಯ್ಯುವುದನ್ನು ಲಸಿಕೆ ಮುಗಿದ ಮೇಲೆ ಇಟ್ಟುಕೊಳ್ಳಿ, ಔಷಧಿ ಸಿಂಪಡಿಸಿದ ದಿನಗಳಲ್ಲಿ ಬೇಡವೇ ಬೇಡ. ತೋಟದ ದನದ ಕೊಟ್ಟಿಗೆಯಿಂದ ಉಣ್ಣೆ ಹತ್ತಿದರೆ ದನಗಳಿಗೆ ಬಳಸುವ ಉಣ್ಣೆಯ ಔಷಧಿಯನ್ನು ಮರಿಗೆ ಹಚ್ಚಬೇಡಿ. ಅದರಿಂದ ಸೆಳೆತ ಬಂದ ಮರಿಗಳನ್ನು ನಾವು ಪ್ರತಿ ಮಳೆಗಾಲದಲ್ಲಿ ನೋಡುತ್ತೇವೆ.

ಕರೆತರುವ ದಿನ ನಸುಕಿನಲ್ಲೇ ಹೊರಡಿ. ಹೊರಡುವ ಎರಡು ತಾಸು ಮುಂಚೆ ಮರಿಗೆ ಊಟ ಬೇಡ, ನೀರು ಸಾಕು. ಜಮಖಂಡಿಯ ಮೇಲೆ ಬರುವಾಗ ಧಾಬಾ, ಹೋಟೆಲುಗಳ ಮುಂದೆ ಮೂತ್ರಕ್ಕೆಂದು ನೆಲಕ್ಕೆ ಬಿಡಬೇಡಿ. ತೊಡೆಯ ಮೇಲೆ ದಪ್ಪ ಟವೆಲ್ ಹಾಸಿಕೊಂಡು ಕುಳಿತರಾಯಿತು. ಮನೆಗೆ ಬಂದೊಡನೆ ಬ್ಲೀಚಿನಿಂದ ತೊಳೆದ ಅಂಗಳದ ಮೂಲೆಗೆ ಒಯ್ದು ಮೂತ್ರ ಮಾಡುವವರೆಗೆ ನಿಲ್ಲಿ, ಮಾಡಿದೊಡನೆ ಹೊಗಳಿ. ಅಂದಿನಿಂದ ನಿದ್ದೆಯಿಂದ ಎದ್ದ ಕೂಡಲೇ, ಉಂಡ ಹತ್ತು ಹದಿನೈದು ನಿಮಿಷಕ್ಕೆ, ಆಟ ಮುಗಿದೊಡನೆ ಅದೇ ಮೂಲೆಗೆ ಒಯ್ಯಿರಿ. ಎರಡು ತಿಂಗಳ ಮರಿ ಹಗಲು ಎರಡು ತಾಸಿಗಿಂತ ಹೆಚ್ಚು ಮೂತ್ರ ತಡೆಯಲಾರದು. ಒಳಗೆ ಮಾಡಿದರೆ ಮೂತಿಯನ್ನು ಅದರಲ್ಲಿ ತಿಕ್ಕುವುದು, ಹೊಡೆಯುವುದು ಬೇಡ. ಮರಿ ಕಲಿಯುವುದು ಒಳಗೆ ಮಾಡಬಾರದೆಂದಲ್ಲ, ನಿಮ್ಮ ಎದುರಿಗೆ ಮಾಡಬಾರದೆಂದು. ಮೊದಲ ಕೆಲವು ರಾತ್ರಿ ಅದು ಅಳುತ್ತದೆ. ನಿಮ್ಮ ಮಂಚದ ಪಕ್ಕದಲ್ಲೇ ರಟ್ಟಿನ ಡಬ್ಬದಲ್ಲಿ ಕೌದಿ ಹಾಕಿ ಮಲಗಿಸಿ, ಕೈ ಇಳಿಬಿಟ್ಟರೆ ತಾಗುವಷ್ಟು ಹತ್ತಿರ. ರಾತ್ರಿ ಎರಡು ಬಾರಿ ಎದ್ದು ಹೊರಗೆ ಒಯ್ಯಬೇಕಾಗುತ್ತದೆ.

ನೀವಿಬ್ಬರೂ ನೌಕರಿಗೆ ಹೋಗುವವರು. ಮರಿ ಬಂದ ಮೇಲೆ ಕನಿಷ್ಠ ಒಂದು ವಾರ ಒಬ್ಬರಾದ ಮೇಲೆ ಒಬ್ಬರು ರಜೆ ಹಾಕಿ. ಆಮೇಲೆ ಹಗಲಿನ ಎರಡು ಊಟ ಮತ್ತು ಮೂತ್ರಕ್ಕೆ ಒಯ್ಯುವ ಕೆಲಸ ಅತ್ತೆಯವರ ಮೇಲೆ ಬೀಳುತ್ತದೆ. ಇದನ್ನು ಅವರೊಡನೆ ಈಗಲೇ ಕುಳಿತು ಮಾತನಾಡಿ, ಅವರು ಮನಃಪೂರ್ವಕ ಒಪ್ಪಿದರೆ ಮಾತ್ರ ಮುಂದುವರಿಯಿರಿ. ಅವರಿಗೆ ಬಗ್ಗಿ ಏಳುವುದು ಕಷ್ಟವಾಗುವಂತಿದ್ದರೆ ಮಧ್ಯಾಹ್ನ ಬಂದು ಹೋಗುವ ಒಬ್ಬರನ್ನು ಗೊತ್ತುಮಾಡಿ. ಸರಪಳಿ ಹಾಕಿ ಕಟ್ಟಿ ಹೋಗುವುದು ಪರಿಹಾರವಲ್ಲ. ಇನ್ನೊಂದು ಮಾತನ್ನೂ ಈಗಲೇ ಯೋಚಿಸಿ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರದ ಅಂಚೆಚೀಟಿ ತಂದಿತು, ಆಮೇಲೆ ಸೇನೆಯೂ ಈ ನಾಯಿಗಳನ್ನು ತರಬೇತಿಗೆ ತೆಗೆದುಕೊಂಡಿತು. ಹೆಸರು ಬಂದಂತೆ ಪಟ್ಟಣದ ಮನೆಗಳಲ್ಲಿ ಇದರ ಆಸೆ ಹೆಚ್ಚಿದೆ. ಒಂದು ವರ್ಷದಲ್ಲಿ ಈ ಗಂಡು ಮರಿ ಭುಜದ ಹತ್ತಿರ ಸುಮಾರು 70 ಸೆಂಟಿಮೀಟರ್ ಎತ್ತರಕ್ಕೆ ಬೆಳೆಯುತ್ತದೆ, ನಾಲ್ಕು ಅಡಿಯ ಕಾಂಪೌಂಡನ್ನು ನಿಂತಲ್ಲಿಂದಲೇ ಹಾರುತ್ತದೆ. ಗೋಡೆಯನ್ನು ಆರು ಅಡಿಗೆ ಎತ್ತರಿಸುವ ಖರ್ಚು, ದಿನವೂ ಓಡಲು ಬೇಲಿ ಇರುವ ಬಯಲು, ಇವೆರಡನ್ನೂ ಹೊಂದಿಸಲು ಆಗುವುದೇ ನೋಡಿ. ನಿಮಗೆ ತೋಟವಿರುವುದು ಅನುಕೂಲ. ಆದರೆ ಪಕ್ಕದ ಹೊಲದವರ ಕೋಳಿ, ಆಡುಮರಿಗಳಿಗೆ ಹೊಣೆ ನೀವೇ.

ಮಕ್ಕಳಿಗೆ ಕಲಿಸಬೇಕಾದದ್ದು ಕೆಲವೇ, ಆದರೆ ಅವು ತಪ್ಪಬಾರದು. ಚಿಕ್ಕ ಮಗು ಮರಿಯನ್ನು ನಿಂತುಕೊಂಡು ಎತ್ತಬಾರದು, ನೆಲದ ಮೇಲೆ ಕುಳಿತಾಗ ಮಾತ್ರ ತೊಡೆಯ ಮೇಲೆ ತೆಗೆದುಕೊಳ್ಳಬೇಕು. ಉಣ್ಣುವಾಗಲೂ ಮಲಗಿದಾಗಲೂ ಮುಟ್ಟಬಾರದು. ಮುಟ್ಟಿದ ಮೇಲೆ, ಊಟದ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕು, ಮರಿಯ ಹುಳುವಿನ ತತ್ತಿ ಮಕ್ಕಳ ಹೊಟ್ಟೆಗೂ ಹೋಗಬಲ್ಲದು. ದೊಡ್ಡವರಿಗೆ ನನ್ನ ಮಾತು ಇನ್ನೂ ಒಂದು. ಮೂರು ತಿಂಗಳು ತುಂಬಿ ರೇಬೀಸ್ ಲಸಿಕೆ ಬೀಳುವ ಮುನ್ನ ಮರಿಯ ಹಲ್ಲಾಗಲಿ ಉಗುರಾಗಲಿ ತಾಗಿ ಗಾಯವಾದರೆ, ಅದು ನಮ್ಮ ಮನೆಯ ಮರಿ ಎಂದು ಸುಮ್ಮನಿರಬಾರದು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ವೈದ್ಯರಿಗೆ ತೋರಿಸಿ. ಅರಿಸಿನ, ಸುಣ್ಣ, ಖಾರ ಹಚ್ಚಬೇಡಿ. ಮಕ್ಕಳು ಬೈಯುತ್ತಾರೆಂದು ಹೆದರಿ ತರಚಿದ್ದನ್ನು ಮುಚ್ಚಿಡದಂತೆ ಈಗಲೇ ಹೇಳಿಡಿ.

ಮರಿ ಬಂದ ಎರಡು ಮೂರು ದಿನಗಳೊಳಗೆ ಹತ್ತಿರದ ಪಶುವೈದ್ಯರಿಗೆ ತೋರಿಸಿ. ಆಸ್ಪತ್ರೆಯಲ್ಲಿ ನೆಲಕ್ಕೆ ಇಳಿಸದೆ ಕೈಯಲ್ಲೇ ಹಿಡಿದುಕೊಂಡಿರಿ, ಅಲ್ಲಿಗೆ ರೋಗದ ನಾಯಿಗಳೂ ಬರುತ್ತವೆ. ಹಳ್ಳಿಯಿಂದ ಬರೆಸಿಕೊಂಡು ಬಂದ ಚೀಟಿಯನ್ನು ಒಯ್ದು, ತೂಕ ಹಾಕಿಸಿ, ಮುಂದಿನ ಲಸಿಕೆ ಮತ್ತು ಜಂತುಹುಳುವಿನ ಔಷಧಿಯ ದಿನಾಂಕಗಳನ್ನು ಅಲ್ಲಿಯೇ ಬರೆಸಿಕೊಳ್ಳಿ; ಆರು ತಿಂಗಳವರೆಗೆ ಆ ಔಷಧಿ ತಿಂಗಳಿಗೊಮ್ಮೆ ಬೇಕು. ಈ ನಡುವೆ ಯಾವ ದಿನವಾದರೂ ಮರಿ ಊಟ ಬಿಟ್ಟು, ಮಂಕಾಗಿ ಮಲಗಿ, ಒಂದೆರಡು ಬಾರಿ ವಾಂತಿ ಮಾಡಿಕೊಂಡರೆ ರಕ್ತಭೇದಿ ಕಾಣುವವರೆಗೆ ಕಾಯದೆ ಅದೇ ದಿನ ಕರೆದೊಯ್ಯಿರಿ. ಪಾರ್ವೋ ಹಿಡಿದ ಮರಿಯೂ ಮೊದಲ ದಿನವೇ ಸಲೈನ್ ಹಚ್ಚಿ ಚಿಕಿತ್ಸೆ ಆರಂಭಿಸಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ರಾತ್ರಿ ಹೊತ್ತು, ಹಬ್ಬದ ದಿನ, ಭಾನುವಾರ ಯಾವ ವೈದ್ಯರು ನೋಡುತ್ತಾರೆ ಎಂಬುದನ್ನು ಮರಿ ಬರುವ ಮೊದಲೇ ವಿಚಾರಿಸಿ, ಅವರ ಫೋನ್ ನಂಬರನ್ನು ಅತ್ತೆಯವರ ಕಣ್ಣಿಗೆ ಬೀಳುವಂತೆ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚಿ.